ಇಲ್ಲದ ಸಿನಿಮಾದ ಮೊದಲ ಎರಡು ನಿಮಿಷ

ಹನ್ನೊಂದನೇ ತರಗತಿಯಲ್ಲಿರುವ ನಮ್ಮ ಮೊಮ್ಮಗಳಿಗೆ ಮಾಧ್ಯಮ ಅಧ್ಯಯನ ಎಂಬ ಒಂದು ವಿಷಯವಿದೆ. ನಾನು ಬಿ.ಕಾಂ. ಓದುತ್ತಿದ್ದ ಕಾಲದಲ್ಲಿ ಸಿನಿಮಾ ನೋಡಿದರೆ ಮಾರ್ಕ್ಸ್ ಕಡಿಮೆಯಾಗುತ್ತಿತ್ತು. ಈಗ ಸಿನಿಮಾ ನೋಡಿದವರಿಗೇ ಮಾರ್ಕ್ಸ್! ಈ ವರ್ಷ ಅವಳಿಗೂ ಅವಳ ಮೂವರು ಗೆಳತಿಯರಿಗೂ ಶಾಲೆಯಲ್ಲಿ ಕೊಟ್ಟ ಕೆಲಸ ಹೀಗಿತ್ತು: ಒಂದು ಹೊಸ ಕಥಾಚಿತ್ರದ ಆರಂಭವನ್ನು ಮಾತ್ರ ತಯಾರಿಸಬೇಕು. ತೆರೆಯ ಮೇಲೆ ಹೆಸರುಗಳು ಬರುವುದೂ ಸೇರಿ ಎರಡು ನಿಮಿಷ ಮೀರಬಾರದು. ಉಳಿದ ಸಿನಿಮಾ ಮಾಡಬೇಕಾಗಿಲ್ಲ. ಆದರೆ ಕ್ಯಾಮೆರಾ ಮುಟ್ಟುವ ಮೊದಲು, ತಮ್ಮದು ಯಾವ ಪ್ರಕಾರದ ಸಿನಿಮಾ, ಆ ಪ್ರಕಾರದ ಚಿತ್ರಗಳು ಹೇಗೆ ಶುರುವಾಗುತ್ತವೆ ಎಂದು ನೋಡಿ ಬರೆದು ತೋರಿಸಬೇಕು.

“ಮುಂದಿನ ಕಥೆಯೇ ಇಲ್ಲದ ಸಿನಿಮಾಕ್ಕೆ ಆರಂಭ ಯಾಕೆ?” ಎಂದು ನಮ್ಮ ಮನೆಯವಳು ಕೇಳಿದಳು. ಪ್ರಶ್ನೆ ಸರಿಯಾಗಿಯೇ ಇತ್ತು. ಮುಂದಿನ ಕೆಲವು ವಾರ ಮನೆಯವರೆಲ್ಲ ಸೇರಿ ಅದಕ್ಕೆ ಉತ್ತರ ಹುಡುಕಿದೆವು.

ಯಾವ ಖಾತೆ?

ಬ್ಯಾಂಕಿನಲ್ಲಿ ಖಾತೆ ತೆರೆಯಲು ಬಂದವರನ್ನು ನಾವು ಮೊದಲು ಕೇಳುತ್ತಿದ್ದುದು ಒಂದೇ ಪ್ರಶ್ನೆ: ಉಳಿತಾಯ ಖಾತೆಯೋ, ಚಾಲ್ತಿ ಖಾತೆಯೋ, ನಿಶ್ಚಿತ ಠೇವಣಿಯೋ? ಅದು ತಿಳಿದರೆ ಮುಂದಿನದೆಲ್ಲ ಸುಲಭ. ಠೇವಣಿ ಇಟ್ಟವರು ಚೆಕ್ ಪುಸ್ತಕ ಕೇಳುವುದಿಲ್ಲ. ಚಾಲ್ತಿ ಖಾತೆಯವರು ಬಡ್ಡಿ ಬರಲಿಲ್ಲವೆಂದು ಜಗಳಕ್ಕೆ ನಿಲ್ಲುವುದಿಲ್ಲ.

ಸಿನಿಮಾದ ಪ್ರಕಾರ ಎಂದರೂ ಇಷ್ಟೇ. ಇಂದಿನ ಮಕ್ಕಳು ಇದನ್ನು ಜಾನರ್ ಎನ್ನುತ್ತಾರೆ: ಹಾರರ್, ಥ್ರಿಲ್ಲರ್, ಕಾಮಿಡಿ, ಸೈನ್ಸ್ ಫಿಕ್ಷನ್. ನಮ್ಮ ಕಾಲದಲ್ಲಿ ಈ ಮಾತು ಇರಲಿಲ್ಲ, ಆದರೆ ಪ್ರಕಾರಗಳಿದ್ದವು. ಪೌರಾಣಿಕ, ಐತಿಹಾಸಿಕ, ಜಾನಪದ, ಸಾಮಾಜಿಕ, ಪತ್ತೇದಾರಿ ಎಂದು ಊರಿಗೆ ಊರೇ ವಿಂಗಡಿಸಿ ಇಟ್ಟುಕೊಂಡಿತ್ತು. ಪೌರಾಣಿಕವಾದರೆ ಅಜ್ಜಿಯೂ ಹೊರಡುತ್ತಿದ್ದಳು. ಸಾಮಾಜಿಕವಾದರೆ ಅಮ್ಮ ಸೆರಗಿನ ತುದಿ ಒದ್ದೆ ಮಾಡಿಕೊಳ್ಳಲು ಸಿದ್ಧಳಾಗಿಯೇ ಬರುತ್ತಿದ್ದಳು.

ಭಾರತದ ಮೊದಲ ಪೂರ್ಣ ಪ್ರಮಾಣದ ಕಥಾಚಿತ್ರವೆಂದು ಹೆಸರಾದ, 1913ರಲ್ಲಿ ದಾದಾಸಾಹೇಬ್ ಫಾಲ್ಕೆ ಮಾಡಿದ ‘ರಾಜಾ ಹರಿಶ್ಚಂದ್ರ’ ಪೌರಾಣಿಕ. 1934ರಲ್ಲಿ ತೆರೆ ಕಂಡ ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನಾ’ ಕೂಡ ಪೌರಾಣಿಕವೇ. ಕಾರಣ ಊಹಿಸುವುದು ಕಷ್ಟವಲ್ಲ. ಸಿನಿಮಾ ಎಂಬುದೇ ಹೊಸದು, ಕಥೆಯಾದರೂ ಜನರಿಗೆ ಪರಿಚಿತವಾಗಿರಲಿ ಎಂದು. 1968ರ ಹೊತ್ತಿಗೆ ದೊರೆ–ಭಗವಾನ್ ಜೋಡಿ ‘ಜೇಡರ ಬಲೆ’ಯಲ್ಲಿ ರಾಜಕುಮಾರ್ ಅವರನ್ನು ಸಿ.ಐ.ಡಿ. 999 ಮಾಡಿತು. ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳನ್ನು ಪಠ್ಯಪುಸ್ತಕದ ನಡುವೆ ಅಡಗಿಸಿಟ್ಟು ಓದುತ್ತಿದ್ದ ನಮ್ಮಂಥ ಹುಡುಗರಿಗೆ ಅದು ಹಬ್ಬ. 1979ರಲ್ಲಿ ಅನಂತನಾಗ್, ಲಕ್ಷ್ಮಿ ನಟಿಸಿದ ‘ನಾ ನಿನ್ನ ಬಿಡಲಾರೆ’ ಬಂದಾಗ ಕನ್ನಡದ ಭೂತವೂ ತೆರೆಗೆ ಬಂತು.

ಇವೆಲ್ಲವನ್ನೂ ನಾನು ಉತ್ಸಾಹದಿಂದ ಹೇಳಿದೆ. ಪುಟ್ಟಿ ನೋಟ್ ಪುಸ್ತಕದಲ್ಲಿ ಬರೆದುಕೊಂಡು, “ಸರಿ ತಾತ, ನಾವು ಮಾಡೋದು ಹಾರರ್” ಎಂದಳು. ನಾಲ್ವರೂ ಮೊದಲೇ ತೀರ್ಮಾನಿಸಿ ಬಂದಿದ್ದರು.

ಮೂಕಿ ಚಿತ್ರಗಳು ಕಲಿಸಿದ ಪಾಠ

ಟೀಚರ್ ಒಂದು ಕ್ರಮ ಹೇಳಿಕೊಟ್ಟಿದ್ದರು. ಯಾವುದೇ ಚಿತ್ರದ ಮೊದಲ ಎರಡು ನಿಮಿಷವನ್ನು ಮೂರು ಸಲ ನೋಡಬೇಕು: ಒಮ್ಮೆ ಎಂದಿನಂತೆ, ಒಮ್ಮೆ ಸದ್ದು ಆರಿಸಿ, ಒಮ್ಮೆ ಕಣ್ಣು ಮುಚ್ಚಿ ಸದ್ದನ್ನು ಮಾತ್ರ ಕೇಳಿ.

ಮಕ್ಕಳು ತೀರ ಹಳೆಯ ಚಿತ್ರಗಳಿಂದ ಶುರು ಮಾಡಿದರು. 1895ರಲ್ಲಿ ಫ್ರಾನ್ಸಿನ ಲುಮಿಯೇರ್ ಸಹೋದರರು ತೆಗೆದ ಒಂದು ತುಣುಕು ಪೂರ್ತಿ ಒಂದು ನಿಮಿಷವೂ ಇಲ್ಲ. ತೋಟದವನು ಗಿಡಗಳಿಗೆ ಪೈಪಿನಲ್ಲಿ ನೀರು ಬಿಡುತ್ತಿದ್ದಾನೆ. ತುಂಟ ಹುಡುಗನೊಬ್ಬ ಹಿಂದಿನಿಂದ ಬಂದು ಪೈಪು ತುಳಿಯುತ್ತಾನೆ. ನೀರು ನಿಲ್ಲುತ್ತದೆ. ತೋಟದವನು ಪೈಪಿನ ಬಾಯಿಗೆ ಕಣ್ಣಿಟ್ಟು ನೋಡುತ್ತಾನೆ. ಹುಡುಗ ಕಾಲು ತೆಗೆಯುತ್ತಾನೆ. ಮುಂದಿನದನ್ನು ನಾನು ಹೇಳಬೇಕಾಗಿಲ್ಲ! ನೂರಮೂವತ್ತು ವರ್ಷಗಳಾದರೂ ನಮ್ಮ ನಡುಮನೆಯಲ್ಲಿ ನಗು ಬಂತು. ಹಾಸ್ಯಚಿತ್ರ ಹುಟ್ಟಿದ್ದು ಒಂದು ಮಾತೂ ಇಲ್ಲದೆ.

1902ರಲ್ಲಿ ಜಾರ್ಜ್ ಮೆಲಿಯೇಸ್ ಚಂದ್ರನಿಗೆ ಮುಖ ಬರೆದು, ಆ ಮುಖದ ಕಣ್ಣಿಗೇ ರಾಕೆಟ್ ಚುಚ್ಚಿಸಿದ. ಅವನು ಮೂಲತಃ ಜಾದೂಗಾರ. ವಿಜ್ಞಾನ ಕಲ್ಪನೆಯ ಚಿತ್ರಗಳ ಮನೆತನ ಅಲ್ಲಿಂದ ಬೆಳೆಯಿತು. 1903ರಲ್ಲಿ ಅಮೆರಿಕದ ಎಡ್ವಿನ್ ಪೋರ್ಟರ್ ರೈಲು ದರೋಡೆಯ ಕಥೆಯನ್ನು ಚಿತ್ರ ಮಾಡಿದ. ಅದರಲ್ಲಿ ಡಕಾಯಿತನೊಬ್ಬ ನೇರ ಪ್ರೇಕ್ಷಕರತ್ತ ಪಿಸ್ತೂಲು ಹಿಡಿದು ಗುಂಡು ಹಾರಿಸುವ ದೃಶ್ಯವಿದೆ. ಇದನ್ನು ಚಿತ್ರದ ಮೊದಲಾದರೂ ತೋರಿಸಿ, ಕೊನೆಗಾದರೂ ತೋರಿಸಿ ಎಂದು ಚಿತ್ರಮಂದಿರಗಳಿಗೆ ಬಿಟ್ಟಿದ್ದರು. ಮೊದಲೇ ತೋರಿಸಿದರೆ ಪ್ರೇಕ್ಷಕನಿಗೆ ‘ಇದು ಬಂದೂಕಿನ ಕಥೆ, ಎಚ್ಚರ’ ಎಂದು ಹೇಳಿದಂತೆ. ಆರಂಭದ ಕೆಲಸವೇ ಅದು: ಮುಂದೆ ಏನು ಸಿಗಲಿದೆ ಎಂದು ಮಾತು ಕೊಡುವುದು.

ಅಜ್ಜಿಯ ಕಣ್ಣು

ಇಲ್ಲಿ ನಮ್ಮ ಮನೆಯವಳ ವಿಷಯ ಹೇಳಬೇಕು. ಆರೇಳು ವರ್ಷಗಳಿಂದ ಅವಳಿಗೆ ಕಿವಿ ಮಂದ. ಕಿವಿಗೆ ಹಾಕಿಕೊಳ್ಳುವ ಯಂತ್ರವಿದೆ. ಆದರೆ ಟೀವಿಯ ಮಾತು, ಸಂಗೀತ, ಫ್ಯಾನಿನ ಸದ್ದು ಎಲ್ಲವೂ ಕಲಸಿಕೊಂಡು ಕೇಳುವುದರಿಂದ ಸಿನಿಮಾ ಹಾಕಿದಾಗ ಅದನ್ನು ತೆಗೆದಿಡುತ್ತಾಳೆ. “ಅವನು ಏನಂದ?” ಎಂದು ಪಕ್ಕದವರನ್ನು ಹತ್ತು ಸಲ ಕೇಳುವುದು ಅವಳಿಗೆ ಮುಜುಗರ. ಹಾಗಾಗಿ ಅರ್ಧದಲ್ಲೇ ಎದ್ದು, ಏನೋ ಕೆಲಸವಿದೆ ಎಂದು ಒಳಗೆ ಹೋಗಿಬಿಡುತ್ತಿದ್ದಳು. ಕೆಲಸ ಇರುತ್ತಿರಲಿಲ್ಲ. ಅದು ನನಗೂ ಗೊತ್ತಿತ್ತು, ಪುಟ್ಟಿಗೂ ಗೊತ್ತಿತ್ತು.

ಸದ್ದು ಆರಿಸಿ ನೋಡುವ ಸರದಿ ಬಂದಾಗ ಪುಟ್ಟಿ ಅವಳ ಕೈ ಹಿಡಿದು ಕೂರಿಸಿದಳು. “ಅಜ್ಜಿ, ಇದು ಯಾವ ಥರದ ಸಿನಿಮಾ ಅಂತ ನೀನು ಹೇಳ್ಬೇಕು. ನಮಗೂ ಈಗ ಏನೂ ಕೇಳಿಸಲ್ಲ.”

ಮೊದಲು ಸ್ಪೀಲ್‌ಬರ್ಗ್ 1975ರಲ್ಲಿ ಮಾಡಿದ ‘ಜಾಸ್’. ಹೆಸರುಗಳು ಬರುವಾಗ ಕ್ಯಾಮೆರಾ ಸಮುದ್ರದಡಿ ಗಿಡಗಳ ನಡುವೆ ಸಾಗುತ್ತದೆ, ಅಷ್ಟೆ. ಸಂಗೀತವಿದ್ದರೆ ಎರಡೇ ಸ್ವರಗಳು ಎದೆ ನಡುಗಿಸುತ್ತವೆ. ಸದ್ದಿಲ್ಲದೆ ನೋಡಿದ ನಮ್ಮವಳು, “ಮೀನಿನ ಸಾಕ್ಷ್ಯಚಿತ್ರವಾ?” ಎಂದಳು. ಮಕ್ಕಳು ಬಿದ್ದು ಬಿದ್ದು ನಕ್ಕರು. ಆಮೇಲೆ ಒಬ್ಬಳು ಗಂಭೀರವಾಗಿ, “ಹಾಗಾದರೆ ಹೆದರಿಸಿದ್ದು ಚಿತ್ರ ಅಲ್ಲ, ಸಂಗೀತ!” ಎಂದಳು. ಮುಖ್ಯವಾದ ಮಾತು. ಆ ಚಿತ್ರಕ್ಕಾಗಿ ಮಾಡಿಸಿದ್ದ ಯಂತ್ರದ ಶಾರ್ಕ್ ಪದೇ ಪದೇ ಕೆಡುತ್ತಿದ್ದುದರಿಂದ ಅದನ್ನು ಹೆಚ್ಚು ತೋರಿಸಲಾಗಲಿಲ್ಲ. ಕಾಣದ ಶಾರ್ಕಿನ ಕೆಲಸವನ್ನು ಸಂಗೀತ ಮಾಡಿತು.

ನಂತರ ಹಿಚ್‌ಕಾಕ್‌ರ 1960ರ ‘ಸೈಕೋ’. ಚಿತ್ರ ಮಕ್ಕಳಿಗಲ್ಲ, ಹೆಸರುಗಳು ಬರುವ ಭಾಗವನ್ನಷ್ಟೇ ಟೀಚರ್ ತೋರಿಸಿದ್ದರು. ಸಾಲ್ ಬಾಸ್ ಎಂಬ ಕಲಾವಿದ ಮಾಡಿದ್ದು. ಬರೀ ಗೆರೆಗಳು ಸರಸರನೆ ಬಂದು ಹೋಗುತ್ತವೆ, ಅಕ್ಷರಗಳು ಸೀಳಿಕೊಳ್ಳುತ್ತವೆ. “ಅಕ್ಷರಾನ ಯಾರೋ ಕತ್ತರಿಸ್ತಿದಾರೆ. ಇದರಲ್ಲಿ ಒಳ್ಳೇದೇನೂ ಆಗಲ್ಲ” ಎಂದಳು. ಶಂಕರನಾಗ್ ಅವರ ‘ಮಾಲ್ಗುಡಿ ಡೇಸ್’ ಧಾರಾವಾಹಿಯ ಆರಂಭದಲ್ಲಿ ಆರ್.ಕೆ. ಲಕ್ಷ್ಮಣ್ ಬಿಡಿಸಿದ ರೇಖಾಚಿತ್ರಗಳು ಬಂದವು. ಅವಳು ಮುಗುಳ್ನಕ್ಕು, “ಇದು ನಮ್ಮಂಥವರ ಕಥೆ” ಎಂದಳು.

ಕೊನೆಗೆ ಸಿಂಗೀತಂ ಶ್ರೀನಿವಾಸರಾವ್ ಅವರ 1987ರ ‘ಪುಷ್ಪಕ ವಿಮಾನ’ ಹಾಕಿದರು. ಬೆಂಗಳೂರಿನಲ್ಲೇ ತೆಗೆದ, ಒಂದು ಸಂಭಾಷಣೆಯೂ ಇಲ್ಲದ ಚಿತ್ರ. ಎರಡು ನಿಮಿಷಕ್ಕೆ ನಿಲ್ಲಿಸಲು ನಮ್ಮವಳು ಬಿಡಲಿಲ್ಲ. ಪೂರ್ತಿ ನೋಡಿದಳು. ಎದ್ದು ಹೋಗಲೂ ಇಲ್ಲ, ಏನಂದ ಎಂದು ಕೇಳಲೂ ಇಲ್ಲ.

ಆ ರಾತ್ರಿ ಪುಟ್ಟಿ ಗೆಳತಿಯರಿಗೆ ಫೋನು ಮಾಡಿದಳು. “ಹಾರರ್ ಬೇಡ. ಹಾರರ್‌ಗೆ ಸದ್ದು ಬೇಕು. ನಮ್ಮ ಹತ್ತಿರ ಒಳ್ಳೇ ಮೈಕೂ ಇಲ್ಲ, ರಾತ್ರಿ ಹೊರಗೆ ಶೂಟಿಂಗ್‌ಗೆ ಯಾರ ಮನೆಯಲ್ಲೂ ಬಿಡಲ್ಲ. ನಮ್ಮ ಅಜ್ಜಿಗೆ ಪೂರ್ತಿ ಅರ್ಥ ಆಗೋ ಅಂಥದ್ದು ಮಾಡೋಣ. ಪತ್ತೇದಾರಿ.” ಒಬ್ಬಳು ಎರಡು ದಿನ ಮುನಿಸಿಕೊಂಡಿದ್ದು, ಆಮೇಲೆ ಕ್ಯಾಮೆರಾ ತನ್ನ ಕೈಗೆ ಕೊಟ್ಟರೆ ಸರಿ ಎಂದು ಒಪ್ಪಿಕೊಂಡಳು.

ನೂರಿಪ್ಪತ್ತು ಸೆಕೆಂಡಿನ ಲೆಕ್ಕ

ಪತ್ತೇದಾರಿ ಚಿತ್ರಗಳ ಆರಂಭಗಳನ್ನು ನೋಡಿ ಮಕ್ಕಳು ಮೂರು ಅಂಶ ಬರೆದರು. ಒಂದು, ಸಣ್ಣ ವಸ್ತುಗಳನ್ನು ಹತ್ತಿರದಿಂದ ತೋರಿಸುತ್ತಾರೆ. ಎರಡು, ಪತ್ತೇದಾರನ ಜೊತೆಜೊತೆಗೇ ಸುಳಿವು ಪ್ರೇಕ್ಷಕನಿಗೂ ಸಿಗುತ್ತದೆ. ಮೂರು, ಒಂದು ಪ್ರಶ್ನೆ ಎದ್ದು ನಿಲ್ಲುತ್ತದೆ, ಉತ್ತರ ಸಿಗುವುದಿಲ್ಲ. ಕೋಟು, ಟೋಪಿ, ಟಾರ್ಚು ಹಿಡಿದ ಗಂಡಸು ಸಾಮಾನ್ಯವಾಗಿ ಇರುತ್ತಾನೆ. ಅವನ ಜಾಗದಲ್ಲಿ ಸಮವಸ್ತ್ರದ ಶಾಲಾ ಹುಡುಗಿಯನ್ನು ಹಾಕಿದರು. ಪದ್ಧತಿ ತಿಳಿದ ಮೇಲೆ ಒಂದನ್ನು ಬದಲಿಸಿದರೆ ಅದು ಹೊಸತನ. ತಿಳಿಯದೆ ಎಲ್ಲವನ್ನೂ ಬದಲಿಸಿದರೆ ಗೊಂದಲ.

ಲೆಕ್ಕದ ಕೆಲಸ ನನಗೆ ಬಂತು. ನೂರಿಪ್ಪತ್ತು ಸೆಕೆಂಡು, ಒಂದೊಂದು ಶಾಟಿಗೆ ಸರಾಸರಿ ಐದರಂತೆ ಇಪ್ಪತ್ನಾಲ್ಕು ಶಾಟು. ಒಂಬತ್ತು ಹೆಸರುಗಳು, ಓದಲು ತಲಾ ಮೂರು ಸೆಕೆಂಡು, ನಿರ್ದೇಶಕರ ಹೆಸರು ಕೊನೆಗೆ. ಉದ್ದನೆಯ ಹಾಳೆಯಲ್ಲಿ ಹಳೆಯ ಲೆಡ್ಜರಿನಂತೆ ಗೆರೆ ಎಳೆದೆ. ಒಂದು ಅಂಕಣದಲ್ಲಿ ಚಿತ್ರ, ಒಂದರಲ್ಲಿ ಸೆಕೆಂಡು, ಒಂದರಲ್ಲಿ ಪ್ರೇಕ್ಷಕನಿಗೆ ಕೊಟ್ಟದ್ದು, ಕೊನೆಯದರಲ್ಲಿ ಬಾಕಿ. ಬ್ಯಾಂಕಿನಲ್ಲಿ ಸಂಜೆಯೊಳಗೆ ಲೆಕ್ಕ ತಾಳೆಯಾಗಲೇಬೇಕು. ಸಿನಿಮಾದ ಆರಂಭದಲ್ಲಿ ಮಾತ್ರ ತಾಳೆಯಾಗಬಾರದು. ಬಾಕಿ ಉಳಿದರೇ ಪ್ರೇಕ್ಷಕ ಕುರ್ಚಿ ಬಿಟ್ಟು ಏಳುವುದಿಲ್ಲ.

ಕಥೆ ಇಷ್ಟು: ಹುಡುಗಿ ಶಾಲೆಯಿಂದ ಬರುತ್ತಾಳೆ. ಬಾಗಿಲು ಓರೆಯಾಗಿ ತೆರೆದಿದೆ. ಮೇಜಿನ ಮೇಲೆ ಹಬೆಯಾಡುವ ಕಾಫಿ. ಬಿಡಿಸಿಟ್ಟ ಪತ್ರಿಕೆಯ ಮೇಲೆ ತಾತನ ಕನ್ನಡಕ. ಮೂಲೆಯಲ್ಲಿ ತಾತನ ಊರುಗೋಲು. ತಾತ ಇಲ್ಲ. ಗೋಡೆಯ ಕ್ಯಾಲೆಂಡರಿನಲ್ಲಿ ಅಂದಿನ ತಾರೀಖಿಗೆ ಕೆಂಪು ಶಾಯಿಯ ವೃತ್ತ. ಅದರ ಮೇಲೆ ಚಿತ್ರದ ಹೆಸರು: ‘ಊರುಗೋಲು’. ತಾತನ ಪಾತ್ರ ನನಗೇ ಸಿಕ್ಕಿತು, ಅಂದರೆ ಇಡೀ ಚಿತ್ರದಲ್ಲಿ ಕಾಣಿಸಿಕೊಳ್ಳದೆ ಇರುವುದು!

ಕಾಫಿಯ ಹಬೆ ಕ್ಯಾಮೆರಾಕ್ಕೆ ಬೀಳುತ್ತಿರಲಿಲ್ಲ. ಲೋಟದ ಹಿಂದೆ ಕಪ್ಪು ಬಟ್ಟೆ ತೂಗುಹಾಕಿ, ಕಿಟಕಿಯ ಬೆಳಕು ಹಿಂದಿನಿಂದ ಓರೆಯಾಗಿ ಬೀಳುವಂತೆ ಮೇಜು ತಿರುಗಿಸಿದ ಮೇಲೆ ಚೆನ್ನಾಗಿ ಕಂಡಿತು. ಅಷ್ಟರಲ್ಲಿ ನಮ್ಮವಳು ಐದು ಸಲ ಕಾಫಿ ಮಾಡಿದ್ದಳು. ಸಂಗೀತವನ್ನು ಬೇರೆಯವರ ಚಿತ್ರದಿಂದ ಎತ್ತಲಿಲ್ಲ. ನಮ್ಮ ಗೋಡೆ ಗಡಿಯಾರದ ಟಿಕ್ ಟಿಕ್ ಶಬ್ದವನ್ನೇ ಬಳಸಿದರು.

ಪರೀಕ್ಷೆ

ಜೋಡಿಸಿ ಮುಗಿಸಿದ ಮೇಲೆ ಮೊದಲು ತೋರಿಸಿದ್ದು ಅಜ್ಜಿಗೆ. ಅವಳು ಎರಡು ನಿಮಿಷ ಕಣ್ಣು ಮಿಟುಕಿಸದೆ ನೋಡಿದಳು. “ಚೆನ್ನಾಗಿದೆ. ಆದರೆ ತಾತ ಒಳಗೇ ಇದಾರಲ್ಲ” ಎಂದಳು. ನಾಲ್ವರೂ ಮುಖಮುಖ ನೋಡಿಕೊಂಡರು. “ಬಾಗಿಲು ತೋರಿಸುವಾಗ ಅವರ ಚಪ್ಪಲಿ ಅಲ್ಲೇ ಬಿಟ್ಟಿದೆ. ಚಪ್ಪಲಿ ಇಲ್ಲದೆ ಇವರು ಗೇಟಿನವರೆಗೂ ಹೋದವರಲ್ಲ.”

ಹಿಂದಕ್ಕೆ ಹಾಕಿ ನೋಡಿದರೆ ನಿಜ. ನಾಲ್ವರು ಹುಡುಗಿಯರು ನೂರು ಸಲ ನೋಡಿದ್ದ ಶಾಟು. ಎಲ್ಲರೂ ನೋಡಿದ್ದು ಬಾಗಿಲನ್ನು, ಅವಳು ನೋಡಿದ್ದು ಚಿತ್ರವನ್ನು. ಮರುದಿನ ಚಪ್ಪಲಿ ತೆಗೆದು ಆ ಶಾಟನ್ನು ಮತ್ತೆ ತೆಗೆದರು. ಎರಡನೇ ಸಲ ತೋರಿಸಿದಾಗ ಹೆಸರು ಮೂಡಿ ತೆರೆ ಕಪ್ಪಾಯಿತು. ಅವಳು ಕೇಳಿದಳು, “ಆಮೇಲೆ?”

“ಆಮೇಲಿನದು ಇಲ್ಲ ಅಜ್ಜಿ. ಅಷ್ಟೇ.”

“ಇಲ್ಲಾಂದ್ರೆ? ಐದು ಲೋಟ ಕಾಫಿ ಮಾಡಿಸಿ ಈಗ ಇಲ್ಲ ಅಂದ್ರೆ?”

ಪುಟ್ಟಿ ಅವಳನ್ನು ತಬ್ಬಿಕೊಂಡಳು. ಇಲ್ಲದ ಸಿನಿಮಾಕ್ಕೆ ಆರಂಭ ಯಾಕೆ ಎಂದು ಕೇಳಿದ್ದವಳ ಬಾಯಲ್ಲೇ ‘ಆಮೇಲೆ’ ಎಂಬ ಮಾತು ಬಂದಿತ್ತು. ಶಾಲೆಯ ಮಾರ್ಕ್ಸ್ ಇನ್ನೂ ಬಂದಿಲ್ಲ. ಆದರೆ ಈಗ ಶನಿವಾರ ಸಂಜೆ ಸಿನಿಮಾ ಹಾಕಿದರೆ ನಮ್ಮವಳಿಗೆ ಒಳಗೆ ಕೆಲಸ ಇರುವುದಿಲ್ಲ. ಮಕ್ಕಳೂ ಕೆಳಗೆ ಅಕ್ಷರ ಬರುವಂತೆ ಮಾಡಿಯೇ ಹಾಕುತ್ತಾರೆ.

ನಿಮ್ಮ ಮನೆಯಲ್ಲೂ ಮಾಡಿ

ಮಕ್ಕಳೇ, ಇದಕ್ಕೆ ಖರ್ಚೇನೂ ಇಲ್ಲ. ಈ ಭಾನುವಾರ ಒಂದು ಸಿನಿಮಾದ ಮೊದಲ ಎರಡು ನಿಮಿಷ ಹಾಕಿ, ಸದ್ದು ಆರಿಸಿ, ಅಜ್ಜ ಅಜ್ಜಿಯ ಜೊತೆ ಕುಳಿತು ನೋಡಿ. ಇದು ಯಾವ ಪ್ರಕಾರ, ಯಾವುದರಿಂದ ಗೊತ್ತಾಯಿತು, ಮುಂದೇನಾಗಬಹುದು ಎಂದು ಪ್ರತಿಯೊಬ್ಬರೂ ಚೀಟಿಯಲ್ಲಿ ಬರೆದು ಮಡಚಿಡಿ. ಆಮೇಲೆ ಸದ್ದು ಹಾಕಿ ಮತ್ತೆ ನೋಡಿ, ಚೀಟಿ ಬಿಚ್ಚಿ. ನೀವೇ ತೆಗೆಯುವ ಆಸೆಯಿದ್ದರೆ ಫೋನನ್ನು ಅಡ್ಡಲಾಗಿ ಹಿಡಿಯಿರಿ, ಪುಸ್ತಕಗಳ ರಾಶಿಗೆ ಒರಗಿಸಿ ಅಲುಗದಂತೆ ನಿಲ್ಲಿಸಿ, ಹಗಲಿನಲ್ಲಿ ಕಿಟಕಿಯ ಬಳಿ ತೆಗೆಯಿರಿ.

ಅಜ್ಜ ಅಜ್ಜಿಯರೇ, ನಿಮಗೆ ಜಾನರ್ ಎಂಬ ಪದ ಗೊತ್ತಿಲ್ಲದಿದ್ದರೂ ಚಿಂತೆಯಿಲ್ಲ. ಟೆಂಟಿನ ಮುಂದಿನ ಪೋಸ್ಟರ್ ನೋಡಿ ಟಿಕೆಟ್ ಕೊಂಡವರಲ್ಲವೇ ನಾವು? ಹುಡುಗರು ಕರೆದಾಗ ಕನ್ನಡಕ ಒರೆಸಿಕೊಂಡು ಬಂದು ಕೂರಿ. ಬಾಗಿಲ ಬಳಿ ಚಪ್ಪಲಿ ಇದೆಯೋ ಇಲ್ಲವೋ ನೋಡುವವರು ಅವರಿಗೆ ಬೇಕು.