ಚೆಂಡುಹೂವಿನ ತವರಿಂದ ಚಿತ್ರಪಾಠ

ನಿಮ್ಮ ಮನೆಯ ಮಗುವಿನ ಕೈಗೆ ಪೆನ್ಸಿಲ್ ಕೊಟ್ಟು 'ಒಂದು ಚಿತ್ರ ಬರೆ' ಎಂದು ಹೇಳಿ ನೋಡಿ. ಬಹುಮಟ್ಟಿಗೆ ಬರುವ ಚಿತ್ರ ಒಂದೇ: ಎರಡು ತ್ರಿಕೋನದ ಬೆಟ್ಟ, ನಡುವೆ ಸೂರ್ಯ, ಕೆಳಗೊಂದು ಗುಡಿಸಲು, ಪಕ್ಕದಲ್ಲಿ ತೆಂಗಿನ ಮರ. ಕೃಷ್ಣರಾಜನಗರದ ಸುತ್ತಮುತ್ತ ಕಣ್ಣು ಹಾಯಿಸಿದಲ್ಲೆಲ್ಲ ಭತ್ತದ ಗದ್ದೆ, ಕಾವೇರಿಯ ನಾಲೆ. ಆದರೂ ಅಲ್ಲಿಯ ಮಗು ಬರೆಯುವುದು ಅದೇ ಎರಡು ಬೆಟ್ಟಗಳನ್ನು. ಅದು ನೋಡಿ ಬರೆದ ಚಿತ್ರವಲ್ಲ, ಬಾಯಿಪಾಠ.

ಚಿಕ್ಕ ವಯಸ್ಸಿನಲ್ಲಿ ಈ ಬಾಯಿಪಾಠ ನಡೆಯುತ್ತದೆ. ಒಂಬತ್ತು ಹತ್ತು ವರ್ಷವಾಗುತ್ತಿದ್ದಂತೆ, ತಾನು ಬರೆದದ್ದು ನಿಜವಾದ ವಸ್ತುವಿನಂತಿಲ್ಲ ಎಂಬುದು ಮಗುವಿಗೇ ಗೊತ್ತಾಗತೊಡಗುತ್ತದೆ. 'ನಂಗೆ ಡ್ರಾಯಿಂಗ್ ಬರಲ್ಲ' ಎಂದು ಎಷ್ಟೋ ಮಕ್ಕಳು ಪೆನ್ಸಿಲ್ ಕೆಳಗಿಡುವುದು ಆಗಲೇ. ಮುಂದೆ ವಿಜ್ಞಾನದ ತರಗತಿಯಲ್ಲಿ ಅಂಥ ಮಗು ಪುಸ್ತಕದ ಹೂವನ್ನು ನಕಲು ಮಾಡುತ್ತದೆ, ಕೈಯಲ್ಲಿರುವ ಹೂವನ್ನು ನೋಡುವುದಿಲ್ಲ. ಚಿತ್ರದ ಜೊತೆಗೆ ನೋಡುವ ಅಭ್ಯಾಸವೂ ಕೈಬಿಟ್ಟುಹೋಗುತ್ತದೆ.

ಇದಕ್ಕೆ ಒಂದು ಉಪಾಯವುಂಟು. ಮಗುವಿಗೆ ಬಾಯಿಪಾಠವೇ ಇಲ್ಲದ ವಸ್ತುವನ್ನು ಬರೆಯಲು ಕೊಡುವುದು. ದೂರದ ಮೆಕ್ಸಿಕೊ ದೇಶದ ಹಬ್ಬದ ವಸ್ತುಗಳು ಈ ಕೆಲಸಕ್ಕೆ ಚೆನ್ನಾಗಿ ಒದಗುತ್ತವೆ. ಹೆಸರು ಹೊಸದಾದರೂ ಅವುಗಳ ನೆಂಟರು ನಮ್ಮ ಮನೆಯಲ್ಲೇ ಇದ್ದಾರೆ. ಬೇಕಾದ ಸಲಕರಣೆ ಹಾಳೆ, ಪೆನ್ಸಿಲ್, ಕತ್ತರಿ, ಗಾಳಿಪಟದ ಕಾಗದ ಮತ್ತು ಒಂದಿಷ್ಟು ಬಣ್ಣ.

ಮೊದಲನೆಯದು: ಚೆಂಡುಹೂ

ಆಯುಧಪೂಜೆಯ ದಿನ ಟ್ರ್ಯಾಕ್ಟರಿನಿಂದ ಹಿಡಿದು ಸೈಕಲ್ಲಿನವರೆಗೆ ನಾವು ಮುಡಿಸುವ ಚೆಂಡುಹೂವಿನ ತವರು ಮೆಕ್ಸಿಕೊ ಮತ್ತು ಅದರ ನೆರೆಯ ನಾಡುಗಳು. 1492ರಲ್ಲಿ ಕೊಲಂಬಸ್ ಅಮೆರಿಕ ತಲುಪಿದ ಮೇಲೆ ಯುರೋಪಿನ ಹಡಗುಗಳ ಮೂಲಕ ಹೊರಬಿದ್ದ ಗಿಡ ಇದು. ನಮ್ಮ ಅಡುಗೆಮನೆಯ ಮೆಣಸಿನಕಾಯಿ, ಹೊಲದ ಮುಸುಕಿನ ಜೋಳ ಬಂದದ್ದೂ ಆ ಕಡೆಯಿಂದಲೇ. ಅಲ್ಲಿ ಈ ಹೂವಿನ ಹೆಸರು ಸೆಂಪಸೂಚಿಲ್. ಹಳೆಯ ನವಾಟ್ಲ್ ಭಾಷೆಯಲ್ಲಿ ಅದರ ಅರ್ಥ 'ಇಪ್ಪತ್ತು ಹೂವು'.

ಮೆಕ್ಸಿಕೊದಲ್ಲಿ ನವೆಂಬರ್ 1 ಮತ್ತು 2ರಂದು ತೀರಿಕೊಂಡವರ ಹಬ್ಬ. ನಾವು ಪಿತೃಪಕ್ಷದಲ್ಲಿ ಹಿರಿಯರಿಗೆ ಎಡೆ ಇಡುವಂತೆ ಅಲ್ಲಿಯೂ ಹಿರಿಯರಿಗೆ ಇಷ್ಟವಾಗಿದ್ದ ತಿನಿಸುಗಳನ್ನು ಇಡುತ್ತಾರೆ. ಚೆಂಡುಹೂವಿನ ಬಣ್ಣ, ವಾಸನೆ ಹಿಡಿದು ಅವರು ಮನೆಗೆ ದಾರಿ ಕಂಡುಕೊಳ್ಳುತ್ತಾರೆಂಬ ನಂಬಿಕೆಯಿಂದ ದಾರಿಯಲ್ಲಿ ಎಸಳು ಚೆಲ್ಲುತ್ತಾರೆ. ಈ ಕಥೆಯನ್ನು ಮೊದಲು ಹೇಳಿ, ಆಮೇಲೆ ಮಗುವಿನ ಕೈಗೆ ಹೂ ಕೊಡಿ.

ಬರೆಯುವ ಮೊದಲು ಹೂವನ್ನು ಬಿಡಿಸಲಿ. ನಾವು ಎಸಳು ಎನ್ನುವ ಒಂದೊಂದೂ ಒಂದು ಪೂರ್ತಿ ಹೂವು. ಕಿತ್ತರೆ ಅದರ ಬುಡದಲ್ಲಿ ಬೀಜವಾಗುವ ಸಣ್ಣ ಕಡ್ಡಿಯಂಥ ಭಾಗ ಕಾಣುತ್ತದೆ. ಎಲ್ಲವನ್ನೂ ಒಂದು ಹಸಿರು ಬಟ್ಟಲು ಹಿಡಿದುಕೊಂಡಿದೆ. ಇಷ್ಟು ನೋಡಿದ ಮಗು ವೃತ್ತದ ಸುತ್ತ ಐದು ಎಸಳು ಅಂಟಿಸುವುದಿಲ್ಲ. ಮೊದಲು ತೆಳುವಾಗಿ ಒಂದು ವೃತ್ತ. ಅದರ ಅಂಚಿಗೆ ಬೀಸಣಿಗೆಯಾಕಾರದ, ತುದಿ ಸುಕ್ಕಾದ ಎಸಳುಗಳ ಸಾಲು. ಎರಡನೆಯ ಸಾಲಿನ ಎಸಳು ಮೊದಲ ಸಾಲಿನ ಎರಡು ಎಸಳುಗಳ ಸಂದಿಯಲ್ಲಿ ಬರಲಿ. ನಡುವಿಗೆ ಹೋದಂತೆ ಎಸಳು ಚಿಕ್ಕದಾಗಲಿ. ಕೆಳಗೆ ಬಟ್ಟಲು, ಅದರಡಿ ದಪ್ಪನೆಯ ತೊಟ್ಟು.

ಎರಡನೆಯದು: ಕಾಗದದ ತೋರಣ

ಸಂಕ್ರಾಂತಿಯ ಸುಮಾರಿಗೆ ಚುಂಚನಕಟ್ಟೆಯ ದನಗಳ ಜಾತ್ರೆಗೆ ಹೋದ ಮಕ್ಕಳಿಗೆ ಬಣ್ಣದ ಕಾಗದದ ತೋರಣ ಹೊಸದಲ್ಲ. ಮೆಕ್ಸಿಕೊದ 'ಪಪೆಲ್ ಪಿಕಾಡೊ' ಕೂಡ ತೋರಣವೇ. ಹಲವು ತೆಳು ಹಾಳೆಗಳನ್ನು ಒಂದರ ಮೇಲೊಂದು ಇಟ್ಟು, ಉಳಿಯಿಂದ ಹೂವು, ಹಕ್ಕಿ, ತಲೆಬುರುಡೆಗಳನ್ನು ಕೊರೆಯುತ್ತಾರೆ.

ಮಕ್ಕಳಿಗೆ ಉಳಿ ಬೇಡ. ಕಾಗದವನ್ನು ಎರಡಾಗಿ, ಮತ್ತೆ ನಾಲ್ಕಾಗಿ ಮಡಿಸಿ, ಮಡಿಕೆಯ ಅಂಚಿನಲ್ಲಿ ಕತ್ತರಿಯಿಂದ ಸಣ್ಣ ಆಕಾರಗಳನ್ನು ತೆಗೆಯಲಿ. ಮುಖ್ಯವಾದ ಹೆಜ್ಜೆ ಮುಂದಿನದು. ಮಡಿಕೆ ಬಿಚ್ಚುವ ಮೊದಲು, ಬಿಚ್ಚಿದಾಗ ಏನು ಕಾಣುತ್ತದೆಂದು ಊಹಿಸಿ ಬೇರೆ ಹಾಳೆಯಲ್ಲಿ ಬರೆಯಲಿ. ಮಡಿಕೆಯ ಮೇಲಿನ ಅರ್ಧವೃತ್ತ ಪೂರ್ಣ ವೃತ್ತವಾಗುತ್ತದೆ, ತ್ರಿಕೋನ ವಜ್ರಾಕೃತಿಯಾಗುತ್ತದೆ. ಊಹೆ ತಪ್ಪಿದರೂ ಚಿಂತೆಯಿಲ್ಲ, ಎರಡನೆಯ ಕಾಗದಕ್ಕೆ ಸರಿಹೋಗುತ್ತದೆ. ಗಣಿತದ ಸಮಮಿತಿಯನ್ನು ಮಗು ಹೀಗೆ ಕೈಯಿಂದಲೇ ಕಲಿಯುತ್ತದೆ.

ಮೂರನೆಯದು: ಏಳು ಮೊನೆಯ ಮಡಕೆ

ಕೃಷ್ಣಜಯಂತಿಯ ಮೊಸರು ಕುಡಿಕೆಯನ್ನು ನೆನೆಯಿರಿ. ಮೆಕ್ಸಿಕೊದಲ್ಲಿ ಕ್ರಿಸ್ಮಸ್‌ಗೆ ಮುಂಚಿನ ದಿನಗಳಲ್ಲಿ ಒಂದು ಮಡಕೆಯನ್ನು ಮೇಲೆ ತೂಗುಹಾಕಿ, ಕಣ್ಣಿಗೆ ಬಟ್ಟೆ ಕಟ್ಟಿಕೊಂಡ ಮಗು ಕೋಲಿನಿಂದ ಅದನ್ನು ಒಡೆಯುತ್ತದೆ. ಒಳಗಿನಿಂದ ಕಡಲೆಕಾಯಿ, ಹಣ್ಣು, ಕಬ್ಬಿನ ತುಂಡು, ಮಿಠಾಯಿ ಸುರಿಯುತ್ತವೆ. ಇದರ ಹೆಸರು ಪಿನ್ಯಾಟ. ಸಾಂಪ್ರದಾಯಿಕ ಪಿನ್ಯಾಟಕ್ಕೆ ಬಣ್ಣದ ಕಾಗದ ಸುತ್ತಿದ ಏಳು ಶಂಕುಗಳಿರುತ್ತವೆ. ಅವು ಏಳು ಪಾಪಗಳ ಗುರುತು ಎಂದು ಅಲ್ಲಿಯವರು ಹೇಳುತ್ತಾರೆ.

ಇಲ್ಲಿ ಮಕ್ಕಳು ಚಪ್ಪಟೆ ನಕ್ಷತ್ರ ಬರೆದುಬಿಡುವುದು ಸಹಜ. ತಿದ್ದಬೇಡಿ. ಕಡಲೆಕಾಯಿ ಕಟ್ಟಿಕೊಡುವ ಪೇಪರಿನ ಪೊಟ್ಟಣವೊಂದನ್ನು ಸುತ್ತಿ, ಮೊದಲು ಅಡ್ಡಲಾಗಿ ಹಿಡಿಯಿರಿ. ಅದು ತ್ರಿಕೋನವಾಗಿ ಕಾಣುತ್ತದೆ. ಈಗ ಅದರ ಮೊನೆಯನ್ನು ನಿಧಾನವಾಗಿ ಮಗುವಿನ ಕಡೆ ತಿರುಗಿಸಿ. ತ್ರಿಕೋನ ಮೋಟಾಗುತ್ತ ಹೋಗಿ, ಕೊನೆಗೆ ನಡುವೆ ಚುಕ್ಕೆಯಿರುವ ಒಂದು ವೃತ್ತ ಉಳಿಯುತ್ತದೆ. ನಮ್ಮ ಕಡೆಗೆ ಮುಖಮಾಡಿದ ಶಂಕುವನ್ನು ಹಾಗೆಯೇ ಬರೆಯಬೇಕು. ತನಗೆ ಗೊತ್ತಿರುವುದು ಬೇರೆ, ಕಣ್ಣಿಗೆ ಕಾಣುವುದು ಬೇರೆ ಎಂದು ಮಗುವಿಗೆ ಹೊಳೆಯುವುದು ಈ ಕ್ಷಣದಲ್ಲಿ.

ಬಣ್ಣದ ವಿಚಾರ

ಕಿತ್ತಳೆ ಚೆಂಡುಹೂವನ್ನು ಒಳ್ಳೆಯ ಬೆಳಕಿನಲ್ಲಿ ಅರ್ಧ ನಿಮಿಷ ಎವೆಯಿಕ್ಕದೆ ನೋಡಿ, ತಕ್ಷಣ ಬಿಳಿ ಹಾಳೆಯನ್ನು ನೋಡಲು ಹೇಳಿ. ಹಾಳೆಯ ಮೇಲೆ ನೀಲಿ ಛಾಯೆಯೊಂದು ತೇಲುತ್ತದೆ. ಕಿತ್ತಳೆಯನ್ನು ಗ್ರಹಿಸಿ ದಣಿದ ಕಣ್ಣಿನ ಕೋಶಗಳು ಸ್ವಲ್ಪ ಹೊತ್ತು ಮಂದವಾಗಿ, ಉಳಿದವು ಮೇಲುಗೈ ಪಡೆಯುವುದೇ ಇದಕ್ಕೆ ಕಾರಣ. ಇಂಥ ಜೋಡಿ ಬಣ್ಣಗಳು ಪಕ್ಕಪಕ್ಕದಲ್ಲಿದ್ದರೆ ಒಂದನ್ನೊಂದು ಎತ್ತಿ ತೋರಿಸುತ್ತವೆ. ಹೂವಿನ ಹಿಂದೆ ನೀಲಿ ಬಳಿಯಲಿ, ಹೂ ಹೇಗೆ ಎದ್ದು ಕಾಣುತ್ತದೆಂದು ಮಗುವೇ ಹೇಳಲಿ.

ಹೆತ್ತವರಿಗೆ, ಮೇಷ್ಟ್ರಿಗೆ

ಟಿ.ವಿ.ಯಲ್ಲಿ ಚಿತ್ರ ಬರೆಯುವ ಕೈಯನ್ನು ತೋರಿಸುವುದು ಸುಲಭ. ಆದರೆ ಆ ಕೈಯನ್ನು ಅನುಕರಿಸಿದ ಮಗು ಇನ್ನೊಂದು ಬಾಯಿಪಾಠ ಕಲಿತಂತಾಯಿತು. ಆದ್ದರಿಂದ ಮಗುವಿನ ಹಾಳೆಯ ಮೇಲೆ ನೀವು ಗೆರೆ ಎಳೆಯಬೇಡಿ. 'ಚೆನ್ನಾಗಿದೆ' 'ಚೆನ್ನಾಗಿಲ್ಲ' ಎನ್ನುವ ಬದಲು 'ಈ ಎಸಳು ಎಲ್ಲಿಂದ ಹೊರಟಿದೆ, ತೋರಿಸು' ಎಂದು ಕೇಳಿ. ಉತ್ತರ ಹೇಳಲು ಅದು ಮತ್ತೆ ಹೂವನ್ನು ನೋಡಲೇಬೇಕು. ಕಲಿಕೆಯೆಲ್ಲ ಆ ಎರಡನೆಯ ನೋಟದಲ್ಲಿದೆ. ಮುಂದಿನ ವಾರ ಅದೇ ಮಗುವನ್ನು ಎಡತೊರೆಯ ಅರ್ಕೇಶ್ವರ ಗುಡಿಯ ಮುಂದೆಯೋ, ನಾಲೆಯ ಏರಿಯ ಮೇಲೋ ಕೂರಿಸಿ. ತ್ರಿಕೋನದ ಬೆಟ್ಟ ತಾನಾಗಿ ಮರೆಯಾಗಿ, ಎದುರಿಗಿರುವುದು ಹಾಳೆಗೆ ಇಳಿಯತೊಡಗುತ್ತದೆ.