ಮಧ್ಯಮಾಹರಣ: ಶ್ರೀಧರನ ಹೆಸರಿನ ಸೂತ್ರವನ್ನು ಕುರಿತು

ವರ್ಗಸಮೀಕರಣವನ್ನು ಬಿಡಿಸುವ ಸೂತ್ರವನ್ನು ಪ್ರೌಢಶಾಲೆಯಲ್ಲಿ ಬಾಯಿಪಾಠ ಮಾಡದವರು ವಿರಳ. ಅದು ಹೇಗೆ ಹುಟ್ಟಿತೆಂದು ಕೇಳಿದರೆ ಉತ್ತರ ಹೇಳಬಲ್ಲವರು ಇನ್ನೂ ವಿರಳ. ಇತಿಹಾಸದ ಅಧ್ಯಾಪಕನಾದ ಪ್ರಕೃತ ಲೇಖಕನೂ ಬಹುಕಾಲ ಉತ್ತರವರಿಯದವರ ಸಾಲಿನಲ್ಲಿಯೇ ಇದ್ದನು. ನಮ್ಮ ದೇಶದಲ್ಲಿ ಈ ಸೂತ್ರಕ್ಕೆ ಶ್ರೀಧರಾಚಾರ್ಯನ ಹೆಸರನ್ನು ಸೇರಿಸಿ ಹೇಳುವ ವಾಡಿಕೆಯುಂಟು. ಆ ಹೆಸರು ಎಷ್ಟರಮಟ್ಟಿಗೆ ಯುಕ್ತವೆಂಬುದು ಇತಿಹಾಸದ ಪ್ರಶ್ನೆ. ಆದರೆ ಗಣಿತದ ಹೆಜ್ಜೆಗಳನ್ನು ಬಿಡಿಬಿಡಿಯಾಗಿ ನೋಡದೆ ಅದಕ್ಕೆ ಉತ್ತರ ಸಿಕ್ಕಲಾರದು.

ಅವ್ಯಕ್ತರಾಶಿಯನ್ನು ನಮ್ಮ ಪ್ರಾಚೀನರು ಯಾವತ್ತಾವತ್ ಎಂದು ಕರೆದು 'ಯಾ' ಎಂದು ಸಂಕ್ಷೇಪಿಸುತ್ತಿದ್ದರು. ಇಲ್ಲಿಯೂ ಅದನ್ನು 'ಯ' ಎಂದೇ ಬರೆದಿದೆ. ಯ² = 64 ಎಂದಿದ್ದರೆ ಕಷ್ಟವೇನೂ ಇಲ್ಲ; ವರ್ಗಮೂಲವನ್ನು ತೆಗೆದರಾಯಿತು. ಯ² + 10ಯ = 39 ಎಂದಾಗ ತೊಡಕು ಬರುತ್ತದೆ, ಏಕೆಂದರೆ ಎಡಗಡೆಯಿರುವುದು ಪೂರ್ಣವರ್ಗವಲ್ಲ. ಅದನ್ನು ಪೂರ್ಣವರ್ಗವನ್ನಾಗಿ ಮಾಡುವುದೇ ಇಲ್ಲಿನ ಉಪಾಯ.

ಈ ಉದಾಹರಣೆಯು ಅಲ್ ಖ್ವಾರಿಜ್ಮಿಯದು. ಖಲೀಫ ಅಲ್ ಮಾಮೂನನ ಕಾಲದಲ್ಲಿ (ಕ್ರಿ.ಶ. 813–833) ಬಾಗ್ದಾದಿನಲ್ಲಿದ್ದ ಈ ವಿದ್ವಾಂಸನು ಇದಕ್ಕೊಂದು ಚಿತ್ರವನ್ನು ಕೊಟ್ಟಿದ್ದಾನೆ. ಬದಿಯು ಯ ಆಗಿರುವ ಒಂದು ಚೌಕವನ್ನು ಬರೆಯಿರಿ. 10ಯ ಎಂಬುದನ್ನು ಎರಡಾಗಿ ಸೀಳಿ, 5 ಅಗಲವೂ ಯ ಉದ್ದವೂ ಇರುವ ಎರಡು ಆಯತಗಳನ್ನು ಚೌಕದ ಒತ್ತಿನ ಎರಡು ಬದಿಗಳಿಗೆ ಅಂಟಿಸಿರಿ. ಈಗ ಮೂಲೆಯೊಂದು ಮಾತ್ರ ಖಾಲಿಯಾಗಿ ಉಳಿಯುತ್ತದೆ. ಅದು ಐದೈದಲಿ ಇಪ್ಪತ್ತೈದರ ಚಿಕ್ಕ ಚೌಕ. ಅದನ್ನು ತುಂಬಿದರೆ ದೊಡ್ಡ ಚೌಕದ ಕ್ಷೇತ್ರಫಲ 39 + 25, ಅಂದರೆ 64; ಅದರ ಬದಿ 8; 5ನ್ನು ಕಳೆದರೆ ಯ = 3. ವರ್ಗವನ್ನು 'ಪೂರ್ಣಗೊಳಿಸುವುದು' ಎಂಬ ಮಾತು ಇಲ್ಲಿ ಅಲಂಕಾರವಲ್ಲ. ಮೂಲೆಯು ನಿಜವಾಗಿಯೂ ಭರ್ತಿಯಾಗುತ್ತದೆ. ಇದೇ ಸಮೀಕರಣಕ್ಕೆ −13 ಎಂಬ ಇನ್ನೊಂದು ಬೆಲೆಯೂ ಉಂಟಾದರೂ ಚೌಕದ ಬದಿಯು ಋಣವಾಗಲಾರದಾದ್ದರಿಂದ ಅದು ಆತನ ಲೆಕ್ಕಕ್ಕೆ ಬರಲಿಲ್ಲ.

ಈ ಉಪಾಯವು ಆತನಿಗಿಂತ ಬಹಳ ಹಳೆಯದು. ಬ್ರಿಟಿಷ್ ಮ್ಯೂಸಿಯಮ್ಮಿನ 13901ನೆಯ ಸಂಖ್ಯೆಯ ಬ್ಯಾಬಿಲೋನಿಯದ ಮಣ್ಣಿನ ಫಲಕವು ಕ್ರಿ.ಪೂ. ಎರಡನೆಯ ಸಹಸ್ರಮಾನದ ಪೂರ್ವಾರ್ಧಕ್ಕೆ ಸೇರಿದ್ದು. ಚೌಕದ ಕ್ಷೇತ್ರಫಲವನ್ನೂ ಬದಿಯನ್ನೂ ಕೂಡಿದರೆ ಮುಕ್ಕಾಲು ಆಗುತ್ತದೆ, ಬದಿ ಎಷ್ಟು ಎಂಬುದು ಅದರ ಮೊದಲ ಪ್ರಶ್ನೆ. ಒಂದರ ಅರ್ಧವನ್ನು ತೆಗೆದು, ಅದರ ವರ್ಗವಾದ ಕಾಲನ್ನು ಮುಕ್ಕಾಲಿಗೆ ಸೇರಿಸಿ, ಬಂದ ಒಂದರ ಮೂಲದಿಂದ ಅರ್ಧವನ್ನು ಕಳೆಯುವುದು ಅದರಲ್ಲಿನ ಕ್ರಮ. ಬದಿ ಅರ್ಧ. ಆದುದರಿಂದ ಈ ವಿಧಾನಕ್ಕೆ ಇಂಥವನೇ ಆದ್ಯನೆಂದು ಹೇಳಹೊರಡುವುದು ವ್ಯರ್ಥ.

ಭಾರತದಲ್ಲಿ ಈ ಕ್ರಿಯೆಗೆ ಮಧ್ಯಮಾಹರಣವೆಂದು ಹೆಸರು. ವರ್ಗಪದಕ್ಕೂ ರೂಪಕ್ಕೂ (ಬರಿಯ ಸಂಖ್ಯೆಗೂ) ನಡುವೆ ನಿಂತಿರುವ ಅವ್ಯಕ್ತಪದವೇ ಮಧ್ಯಮ. ಅದನ್ನು ನೀಗಿಸುವುದೇ ಆಹರಣ. ಬಾಗ್ದಾದಿನಲ್ಲಿ ಮೂಲೆಯನ್ನು ತುಂಬಿದರು, ಇಲ್ಲಿ ನಡುವಿನದನ್ನು ತೆಗೆದರು. ಫಲ ಒಂದೇ, ನೋಟ ಬೇರೆ. ಕ್ರಿ.ಶ. 628ರಲ್ಲಿ ಬ್ರಾಹ್ಮಸ್ಫುಟಸಿದ್ಧಾಂತವನ್ನು ರಚಿಸಿದ ಬ್ರಹ್ಮಗುಪ್ತನು ಅದರ ಕುಟ್ಟಕಾಧ್ಯಾಯದಲ್ಲಿ ನಾವಿಂದು ಬಳಸುವ ಸೂತ್ರದ ಫಲವನ್ನೇ ಮಾತಿನಲ್ಲಿ ಹೇಳಿದ್ದಾನೆ: ರೂಪವನ್ನು ವರ್ಗದ ಗುಣಕದ ನಾಲ್ಕರಷ್ಟರಿಂದ ಗುಣಿಸಬೇಕು, ಮಧ್ಯಮಗುಣಕದ ವರ್ಗವನ್ನು ಕೂಡಿಸಬೇಕು, ಮೂಲವನ್ನು ತೆಗೆದು ಮಧ್ಯಮಗುಣಕವನ್ನು ಕಳೆಯಬೇಕು, ವರ್ಗಗುಣಕದ ಎರಡರಷ್ಟರಿಂದ ಭಾಗಿಸಬೇಕು. ಫಲವೇನೋ ಇದೆ; ಅದರ ದಾರಿಯನ್ನು ಓದುಗನೇ ಕಂಡುಕೊಳ್ಳಬೇಕು.

ದಾರಿಯನ್ನು ತೋರುವುದು ಶ್ರೀಧರನ ನಿಯಮ. ಸಮೀಕರಣದ ಎರಡು ಪಕ್ಷಗಳನ್ನೂ ವರ್ಗಗುಣಕದ ನಾಲ್ಕರಷ್ಟರಿಂದ ಗುಣಿಸಿ, ಮೊದಲಿನ ಅವ್ಯಕ್ತಗುಣಕದ ವರ್ಗವನ್ನು ಎರಡು ಪಕ್ಷಗಳಿಗೂ ಕೂಡಿಸಿ, ಬಳಿಕ ಮೂಲವನ್ನು ತೆಗೆಯಬೇಕೆಂಬುದು ಅದರ ತಾತ್ಪರ್ಯ. ನಾಲ್ಕೇ ಏಕೆ? ಕ·ಯ² + ಖ·ಯ = ಗ ಎಂಬುದನ್ನು 4ಕ ದಿಂದ ಗುಣಿಸಿದರೆ ಮೊದಲ ಪದವು 2ಕ·ಯ ಎಂಬುದರ ವರ್ಗವಾಗುತ್ತದೆ; ಎರಡನೆಯ ಪದವು 2ಕ·ಯ ಮತ್ತು ಖ ಇವುಗಳ ಗುಣಲಬ್ಧದ ಇಮ್ಮಡಿಯಾಗುತ್ತದೆ. ಕೊರತೆಯಾಗಿರುವುದು ಖ² ಒಂದೇ. ಅದನ್ನು ಕೂಡಿಸಿದೊಡನೆ ಎಡಪಕ್ಷವು (2ಕ·ಯ + ಖ)² ಆಗುತ್ತದೆ. ಅರ್ಧ ಮಾಡುವ ಪ್ರಸಂಗವೇ ಇಲ್ಲದ್ದರಿಂದ, ಖ ಬೆಸಸಂಖ್ಯೆಯಾಗಿದ್ದರೂ ಭಿನ್ನರಾಶಿಯ ಕಾಟ ಮಧ್ಯದಲ್ಲಿ ತಲೆದೋರುವುದಿಲ್ಲ. ಕೈಯಿಂದ ಲೆಕ್ಕ ಮಾಡುವವನಿಗೆ ಇದೊಂದು ದೊಡ್ಡ ಸೌಕರ್ಯ.

ನಮ್ಮ ನಾಡಿನದೇ ಒಂದು ಲೆಕ್ಕದ ಮೇಲೆ ಇದನ್ನು ಪ್ರಯೋಗಿಸಿ ನೋಡಬಹುದು. ಮಾನ್ಯಖೇಟದ ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನನ್ನು ತನ್ನ ಗಣಿತಸಾರಸಂಗ್ರಹದ ಆರಂಭದಲ್ಲಿ ಕೊಂಡಾಡಿರುವ ಮಹಾವೀರಾಚಾರ್ಯನು (ಸು. 850) ಒಂಟೆಗಳ ಹಿಂಡೊಂದನ್ನು ಕುರಿತು ಕೇಳುತ್ತಾನೆ. ಹಿಂಡಿನ ಕಾಲುಭಾಗ ಕಾಡಿನಲ್ಲಿ ಕಂಡಿತು. ಹಿಂಡಿನ ವರ್ಗಮೂಲದ ಇಮ್ಮಡಿಯಷ್ಟು ಬೆಟ್ಟದ ತಪ್ಪಲಿಗೆ ಹೋದವು. ಹದಿನೈದು ನದಿಯ ದಡದಲ್ಲಿ ಉಳಿದವು. ಒಂಟೆಗಳೆಷ್ಟು? ಹಿಂಡಿನ ವರ್ಗಮೂಲವನ್ನು ಯ ಎಂದಿಟ್ಟುಕೊಂಡರೆ 3ಯ² − 8ಯ = 60 ಎಂದಾಗುತ್ತದೆ. 12ರಿಂದ ಗುಣಿಸಿದರೆ 36ಯ² − 96ಯ = 720; 64ನ್ನು ಕೂಡಿಸಿದರೆ (6ಯ − 8)² = 784. ಇದರ ಮೂಲ 28. ಆದ್ದರಿಂದ ಯ = 6, ಒಂಟೆಗಳು 36. ತಾಳೆ ನೋಡಿದರೆ 9, 12, 15 ಸರಿಯಾಗಿ 36ಕ್ಕೆ ಕೂಡುತ್ತವೆ. ಮಹಾವೀರನು ಇಂಥ ಲೆಕ್ಕಗಳಿಗೆ ತನ್ನದೇ ನಿಯಮಗಳನ್ನು ಕೊಟ್ಟಿದ್ದಾನೆ. ಹೆಜ್ಜೆಗಳು ಕಾಣಲೆಂದು ಇಲ್ಲಿ ಶ್ರೀಧರನ ಕ್ರಮವನ್ನು ಅನುಸರಿಸಿದೆ.

ಶ್ರೀಧರನ ಪಾಟೀಗಣಿತ, ತ್ರಿಶತಿಕಾ ಎಂಬ ಗ್ರಂಥಗಳು ನಮಗೆ ದೊರೆತಿವೆ. ಬೀಜಗಣಿತವನ್ನು ಕುರಿತ ಆತನ ಗ್ರಂಥವು ನಷ್ಟವಾಗಿದೆ. ಮೇಲೆ ಹೇಳಿದ ನಿಯಮವು ಇರುವುದು ನಷ್ಟವಾದ ಆ ಗ್ರಂಥದಲ್ಲಿ! ಅದು ನಮ್ಮ ಕೈಗೆ ಬಂದದ್ದು, ಹನ್ನೆರಡನೆಯ ಶತಮಾನದಲ್ಲಿ ಭಾಸ್ಕರಾಚಾರ್ಯನು ತನ್ನ ಬೀಜಗಣಿತದ ಮಧ್ಯಮಾಹರಣ ಪ್ರಕರಣದಲ್ಲಿ ಶ್ರೀಧರನ ಹೆಸರನ್ನು ಹೇಳಿ ಉದ್ಧರಿಸಿದ್ದರಿಂದ. ಬ್ರಹ್ಮಗುಪ್ತ, ಶ್ರೀಧರ, ಪದ್ಮನಾಭ ಇವರ ಬೀಜಗಣಿತಗಳು ಅತಿವಿಸ್ತಾರವಾದುದರಿಂದ ಅವುಗಳ ಸಾರವನ್ನು ಸಂಗ್ರಹಿಸಿದೆನೆಂದೂ ಭಾಸ್ಕರನು ಹೇಳಿದ್ದಾನೆ. ಸಂಗ್ರಹವು ಉಳಿಯಿತು, ವಿಸ್ತಾರವು ಅಳಿಯಿತು. ಕನ್ನಡಿಗರಿಗೆ ಇದು ಅಪರಿಚಿತವಾದ ಕಥೆಯಲ್ಲ. ಅದೇ ನೃಪತುಂಗನ ಆಸ್ಥಾನದ ಕವಿರಾಜಮಾರ್ಗವು ವಿಮಲೋದಯ, ನಾಗಾರ್ಜುನ, ದುರ್ವಿನೀತ ಮೊದಲಾದ ಗದ್ಯಕಾರರನ್ನು ಹೆಸರಿಸಿದೆ. ಅವರ ಕನ್ನಡ ಕೃತಿಗಳು ದೊರೆತಿಲ್ಲ. ಶ್ರೀಧರನ ಪಾಲಿಗೆ ಒಂದು ನಿಯಮವಾದರೂ ಉಳಿದದ್ದು ಭಾಗ್ಯ.

ಹೀಗಿರುವಾಗ, ಪಠ್ಯಪುಸ್ತಕದ ಸೂತ್ರವನ್ನು ಶ್ರೀಧರನದೆಂದು ಹೇಳುವುದು ಪೂರ್ತಿ ಸರಿಯಲ್ಲ, ಪೂರ್ತಿ ತಪ್ಪೂ ಅಲ್ಲ. ಸೂತ್ರದ ಫಲವು ಬ್ರಹ್ಮಗುಪ್ತನಲ್ಲಿಯೇ ಇದೆ. ಫಲಕ್ಕೆ ಒಯ್ಯುವ ಕ್ರಿಯೆಯು ಭಾಸ್ಕರನ ಸಾಕ್ಷ್ಯದಿಂದ ಶ್ರೀಧರನದು. ಅಲ್ ಖ್ವಾರಿಜ್ಮಿಯು ಇದನ್ನು ಭಾರತದಿಂದ ಎರವಲು ಪಡೆದನೆಂದು ಸಭೆಗಳಲ್ಲಿ ಕೇಳಿಬರುವ ಮಾತಿಗೂ ಈ ಹೆಜ್ಜೆಗಳು ಆಧಾರ ಕೊಡುವುದಿಲ್ಲ. ಆತನು ವರ್ಗಗುಣಕವನ್ನು ಒಂದಕ್ಕೆ ಇಳಿಸಿ ಅರ್ಧ ಮಾಡುತ್ತಾನೆ. ನಮ್ಮವರು ನಾಲ್ಕರಿಂದ ಗುಣಿಸಿ ಅರ್ಧವನ್ನು ತಪ್ಪಿಸುತ್ತಾರೆ. ಭಾರತೀಯ ಅಂಕಿಗಳ ವಿಷಯದಲ್ಲಿ ಆತನ ಋಣವು ನಿಸ್ಸಂದೇಹವಾದುದು. ಆದರೆ ಒಂದು ಋಣಕ್ಕೆ ಪತ್ರವಿದೆಯೆಂದು ಇನ್ನೊಂದನ್ನೂ ಅದರಲ್ಲಿಯೇ ಬರೆದುಕೊಳ್ಳುವುದು ನ್ಯಾಯವಲ್ಲ.

ಭಾಸ್ಕರನು ನಿಯಮವನ್ನು ಉದ್ಧರಿಸಿ ಸುಮ್ಮನಾಗಲಿಲ್ಲ. ಕಪಿಗಳ ಹಿಂಡಿನ ಐದನೆಯ ಒಂದು ಭಾಗದಲ್ಲಿ ಮೂರನ್ನು ಕಳೆದು ವರ್ಗ ಮಾಡಿದಷ್ಟು ಕಪಿಗಳು ಗವಿಗೆ ಹೋದವು, ಒಂದು ಮರದ ಮೇಲೆ ಕಂಡಿತು ಎಂಬುದು ಆತನ ಲೆಕ್ಕಗಳಲ್ಲೊಂದು. ಯ² − 55ಯ = −250; 4ರಿಂದ ಗುಣಿಸಿ 3025ನ್ನು ಕೂಡಿಸಿದರೆ (2ಯ − 55)² = 2025. ಮೂಲವು ಧನ 45 ಆದರೆ ಕಪಿಗಳು 50, ಋಣ 45 ಆದರೆ 5. ಎರಡೂ ಸಮೀಕರಣಕ್ಕೆ ಒಪ್ಪುತ್ತವೆ. ಆದರೆ ಐದರ ಐದನೆಯ ಭಾಗವಾದ ಒಂದರಿಂದ ಮೂರನ್ನು ಕಳೆದರೆ ಉಳಿಯುವುದು ಋಣ ಎರಡು. ಋಣವಾದ ವ್ಯಕ್ತದಲ್ಲಿ ಲೋಕಕ್ಕೆ ವಿಶ್ವಾಸವಿಲ್ಲವೆಂದು ಹೇಳಿ ಭಾಸ್ಕರನು ಐದನ್ನು ಬಿಟ್ಟು ಐವತ್ತನ್ನು ಸ್ವೀಕರಿಸಿದನು.