ಮಗುವಿನ ಕಣ್ಣಂಚಿನ ಗಂಟು: ಭಯ ಬೇಡ, ತಡವೂ ಬೇಡ

ಹಸುಗೂಸಿನ ಹುಬ್ಬಿನ ಬಳಿ ಗಂಟು ಅಥವಾ ರೆಪ್ಪೆಯ ಮೇಲೆ ಕೆಂಪು ಮಚ್ಚೆ ಕಂಡರೆ ಮನೆಯಲ್ಲಿ ಮಾತು ಶುರುವಾಗುತ್ತದೆ. 'ಗ್ರಹಣದ ಹೊತ್ತಲ್ಲಿ ಹೊರಗೆ ಹೋಗಿದ್ದಳು' ಎಂದು ತಪ್ಪನ್ನು ತಾಯಿಯ ತಲೆಗೆ ಕಟ್ಟುವವರೂ ಇದ್ದಾರೆ. ತಮ್ಮ ಪುಟ್ಟ ಮಗ ಇಬ್ರಾಹೀಮ್ ತೀರಿಕೊಂಡ ದಿನ ಗ್ರಹಣವಾದಾಗ, ಯಾರ ಸಾವು-ಬದುಕಿಗೂ ಗ್ರಹಣಕ್ಕೂ ಸಂಬಂಧವಿಲ್ಲವೆಂದು ಪ್ರವಾದಿ(ಸ) ಜನರನ್ನು ತಿದ್ದಿದ್ದರು. ಈ ಗಂಟಿಗೂ ತಾಯಿಯ ತಪ್ಪು ಕಾರಣವಲ್ಲ. ಇಂಥವುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಕೂಡ ಅಲ್ಲ. ಆದರೆ ಅಲಕ್ಷಿಸಿದರೆ ಕೆಲವು ಮಗುವಿನ ನೋಟವನ್ನೇ ಕುಂದಿಸಬಹುದು.

ಡರ್ಮಾಯ್ಡ್ ಗಂಟು

ಇದು ಸಾಮಾನ್ಯವಾಗಿ ಹುಬ್ಬಿನ ಹೊರತುದಿಯಲ್ಲಿ ಉರುಟಾಗಿ, ನೋವಿಲ್ಲದೆ ಇರುತ್ತದೆ. ಗರ್ಭದಲ್ಲಿ ಮುಖದ ಎಲುಬುಗಳು ಕೂಡಿಕೊಳ್ಳುವಾಗ ಚರ್ಮದ ಚೂರು ಒಳಗೆ ಸಿಕ್ಕಿಕೊಂಡು ಉಂಟಾಗುವ ಚೀಲವಿದು. ನಿಧಾನವಾಗಿ ಬೆಳೆಯುತ್ತದೆ. ಇದನ್ನು ಹಿಸುಕಬಾರದು, ಚುಚ್ಚಬಾರದು. ಚೀಲ ಒಡೆದರೆ ಸುತ್ತಲೂ ತೀವ್ರ ಉರಿಯೂತವಾಗುತ್ತದೆ. ಶಸ್ತ್ರಚಿಕಿತ್ಸೆಯಲ್ಲಿ ಚೀಲವನ್ನು ಇಡಿಯಾಗಿ ತೆಗೆಯುತ್ತಾರೆ. ಗಂಟು ಆಳದಲ್ಲಿದ್ದರೆ ಮೊದಲು ಸ್ಕ್ಯಾನ್ ಬೇಕಾಗುತ್ತದೆ.

ಕೆಂಪು ರಕ್ತನಾಳದ ಗಂಟು

ಹಿಮ್ಯಾಂಜಿಯೋಮಾ ಎಂಬ ಇದು ಹೆಚ್ಚಾಗಿ ಹುಟ್ಟಿದ ಕೆಲವು ವಾರಗಳಲ್ಲಿ ಕಾಣಿಸಿಕೊಂಡು, ಮೊದಲ ತಿಂಗಳುಗಳಲ್ಲಿ ವೇಗವಾಗಿ ಬೆಳೆದು, ನಂತರ ವರ್ಷಗಳಲ್ಲಿ ಕುಗ್ಗುತ್ತದೆ. ಹೆಣ್ಣುಮಕ್ಕಳಲ್ಲಿ ಮತ್ತು ಅವಧಿಗೆ ಮುಂಚೆ ಹುಟ್ಟಿದವರಲ್ಲಿ ಹೆಚ್ಚು. 'ತಾನಾಗಿಯೇ ಹೋಗುತ್ತದೆ' ಎಂದು ಕಾಯುವುದು ಇಲ್ಲಿ ಅಪಾಯ. ರೆಪ್ಪೆ ಜೋತು ಪಾಪೆಯನ್ನು ಮುಚ್ಚಿದರೆ ಅಥವಾ ಗಂಟು ಕಣ್ಣುಗುಡ್ಡೆಯನ್ನು ಒತ್ತಿದರೆ, ಆ ಕಣ್ಣಿನಿಂದ ನೋಡುವುದನ್ನು ಮೆದುಳು ಕಲಿಯುವುದೇ ಇಲ್ಲ. ಇದೇ 'ಸೋಮಾರಿ ಕಣ್ಣು'. ಗಂಟು ಕರಗಿದರೂ ಕಳೆದುಹೋದ ನೋಟ ಪೂರ್ತಿ ಮರಳದೇ ಹೋಗಬಹುದು.

ಹೃದಯದ ತೊಂದರೆಗೆ ಕೊಡುವ ಪ್ರೊಪ್ರನೊಲಾಲ್ ಔಷಧದಿಂದ ಈ ಗಂಟು ಕುಗ್ಗುತ್ತದೆಂದು 2008ರಲ್ಲಿ ಫ್ರಾನ್ಸಿನ ಬೋರ್ಡೋ ನಗರದ ವೈದ್ಯರು ವರದಿ ಮಾಡಿದರು. ಇಂದು ಅದೇ ಮುಖ್ಯ ಚಿಕಿತ್ಸೆ. ಆದರೆ ಇದು ಮಗುವಿನ ನಾಡಿಬಡಿತ ಮತ್ತು ರಕ್ತದ ಸಕ್ಕರೆಯನ್ನು ತಗ್ಗಿಸಬಲ್ಲದು. ವೈದ್ಯರ ನಿಗಾದಲ್ಲಿ ಮಾತ್ರ, ಹಾಲು ಕುಡಿಸಿದ ಬಳಿಕವೇ ಕೊಡಬೇಕು.

ತಾಯಂದಿರು ಗಮನಿಸಬೇಕಾದುದು

* ಮಗುವಿನ ಎರಡೂ ಕಣ್ಣು ಸಮಾನವಾಗಿ ತೆರೆಯುತ್ತವೆಯೇ ನೋಡಿ.
* ಗಂಟಿನ ಮೇಲೆ ಸುರ್ಮಾ, ಎಣ್ಣೆ, ಸೊಪ್ಪಿನ ರಸ ಹಚ್ಚಬೇಡಿ. ಕೆಲವು ಸುರ್ಮಾಗಳಲ್ಲಿ ಸೀಸವಿರುತ್ತದೆ.
* ಪಾಪೆ ಬೆಳ್ಳಗೆ ಹೊಳೆದರೆ, ಕಣ್ಣು ಮುಂದಕ್ಕೆ ಉಬ್ಬಿದರೆ ಅಥವಾ ಗಂಟು ದಿಢೀರನೆ ಬೆಳೆದರೆ ಒಂದು ದಿನವೂ ಕಾಯಬೇಡಿ. ಅದು ಬೇರೆ ಗಂಭೀರ ರೋಗವಿರಬಹುದು.

ದುಆ ಮಾಡೋಣ, ಜೊತೆಗೆ ಮಗುವನ್ನು ಕಣ್ಣಿನ ವೈದ್ಯರ ಬಳಿಗೂ ಕರೆದೊಯ್ಯೋಣ. ಚಿಕಿತ್ಸೆ ಪಡೆಯುವುದೂ ಪ್ರವಾದಿ(ಸ) ಕಲಿಸಿದ ದಾರಿಯೇ.